ಪ್ಯೂರ್ ಡೇಟಾದಲ್ಲಿ ತಂಬೂರಿ ಕಟ್ಟಿದ ನನ್ನ ಅನುಭವ

ಡಬ್ಬಿಗಳನ್ನು ಗೆರೆ ಎಳೆದು ಜೋಡಿಸಿ ಧ್ವನಿ ಹುಟ್ಟಿಸುವ ಪುಕ್ಕಟೆ ತಂತ್ರಾಂಶ ಪ್ಯೂರ್ ಡೇಟಾ. ಅದರಲ್ಲಿ ಬೀಪ್ ಸದ್ದು ಬರುತ್ತದೆ, ತಂಬೂರಿ ಬರುವುದಿಲ್ಲ ಎಂದು ಧಾರವಾಡದ ಗೆಳೆಯರು ವರ್ಷಗಟ್ಟಲೆ ಹೇಳಿದರು. ಮೊಬೈಲಿನಲ್ಲಿ ಪುಕ್ಕಟೆ ಸಿಗುವುದಕ್ಕೆ ಇಷ್ಟು ಹಣ ಸುರಿಯಬೇಕೇ ಎಂದು ಮನೆಯವರು ಕೇಳಿದರು. ಕಳೆದ ಚಳಿಗಾಲದಿಂದ ಅದರಲ್ಲೇ ತಂಬೂರಿ ನುಡಿಯುವ ನನ್ನ ಪೆಟ್ಟಿಗೆ ಸಂಗೀತದ ಬೈಠಕ್‌ಗಳಲ್ಲಿ ಗವಾಯಿಗಳ ಬೆನ್ನ ಹಿಂದೆ ಕೂತಿದೆ. ಅದನ್ನು ಆರಿಸಿ ಎಂದು ಇದುವರೆಗೆ ಯಾರೂ ಹೇಳಿಲ್ಲ. ಹೀಗಾಗಿ ಈಗ ಬರೆಯಬಹುದು ಅನಿಸಿತು. ಡಬ್ಬಿಗಳನ್ನು ಹೀಗೆ ಜೋಡಿಸಿದ ಚಿತ್ರಕ್ಕೆ ಪ್ಯಾಚ್ ಎನ್ನುತ್ತಾರೆ, ಅಷ್ಟು ಗೊತ್ತಿದ್ದರೆ ಸಾಕು.

ಬೇರೆ ತಂತ್ರಾಂಶ ಬಿಟ್ಟು ಇದನ್ನೇ ಏಕೆ ಹಿಡಿದೆ ಎಂದರೆ, ತೆರೆದಾಗ ಅದು ಖಾಲಿ ಹಾಳೆ ತೋರಿಸುತ್ತದೆ. ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳಿಲ್ಲ, ನಾಲ್ಕು ಮಾತ್ರೆಯ ಮನೆಗಳಿಲ್ಲ, ಹನ್ನೆರಡು ಸ್ವರಗಳ ಮೆಟ್ಟಿಲಿಲ್ಲ. ಇದು ಬರೆದವರ ಸೋಮಾರಿತನವಲ್ಲ, ಬೇಕೆಂದೇ ಮಾಡಿದ್ದು. ಇದನ್ನು ಬರೆದ ಮಿಲ್ಲರ್ ಪಕೆಟ್ 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮೊದಲು ಮ್ಯಾಕ್ಸ್ ಎಂಬ ತಂತ್ರಾಂಶ ಬರೆದರು. ಕಂಪ್ಯೂಟರ್ ಸಂಗೀತದ ಹಿರಿಯ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರನ್ನೇ ಅದಕ್ಕಿಟ್ಟರು. ಸಂಗೀತಗಾರನ ಮೇಲೆ ಯಾವ ಶೈಲಿಯನ್ನೂ ಹೇರಬಾರದು ಎಂಬುದು ಆಗಿನಿಂದಲೂ ಅವರ ಪಟ್ಟು. ಯುರೋಪಿನ ನವ್ಯ ಸಂಗೀತಕ್ಕಾಗಿ ಖಾಲಿ ಬಿಟ್ಟ ಜಾಗದಲ್ಲಿ ನಮ್ಮ ಷಡ್ಜ, ಪಂಚಮಗಳು ತಕರಾರಿಲ್ಲದೆ ಕೂತವು. ತಂಬೂರಿಯ ಮಂದ್ರ ಪಂಚಮಕ್ಕೆ ಷಡ್ಜವನ್ನು 0.75ರಿಂದ ಗುಣಿಸಿದರೆ ಮುಗಿಯಿತು. ಹಣ ಕೊಟ್ಟು ತಂದ ಇನ್ನೊಂದು ತಂತ್ರಾಂಶದಲ್ಲಿ ಇದೇ ಶುದ್ಧ ಪಂಚಮಕ್ಕಾಗಿ ನಾನು ಒಂದು ವಾರ ಮೆನುಗಳಲ್ಲಿ ಅಲೆದಿದ್ದೇನೆ.

ಮೊದಲು ಎಲ್ಲರ ಹಾಗೆ ಧ್ವನಿಮುದ್ರಣದ ದಾರಿ ಹಿಡಿದೆ. ಮಿರಜಿನ ಒಳ್ಳೆಯ ತಂಬೂರಿಯೊಂದನ್ನು ಎರವಲು ತಂದು ಸ್ಟುಡಿಯೋದಲ್ಲಿ ಅರ್ಧ ದಿನ ಕೂತಾಗ ಸುಮಾರು ಮೂರು ಸಾವಿರ ಹೋಯಿತು. ಆ ಮುದ್ರಣವನ್ನೇ ಸುತ್ತು ಸುತ್ತಾಗಿ ಬಾರಿಸಿದರೆ ಹತ್ತು ನಿಮಿಷದಲ್ಲೇ ಕಿವಿ ಕೊನೆ-ಮೊದಲು ಸೇರುವ ಹೊಲಿಗೆಯನ್ನು ಹಿಡಿಯುತ್ತದೆ. ಹಾರ್ಮೋನಿಯಂನ ಕರಿ ಒಂದರ ಶ್ರುತಿಯಲ್ಲಿ ಮುದ್ರಿಸಿದ್ದನ್ನು ಬಿಳಿ ನಾಲ್ಕಕ್ಕೆ ಏರಿಸಿದರಂತೂ ವೇಗದೊಂದಿಗೆ ತಂಬೂರಿಯ ಕುಂಬಳದ ಬುರುಡೆಯ ಗುಂಗೂ ಮೇಲಕ್ಕೇರಿ, ಆಟಿಕೆ ತಂಬೂರಿ ಕೇಳಿಸುತ್ತದೆ. ಆಮೇಲೆ ತಂತಿಗೊಂದರಂತೆ ಒಂದೊಂದೇ ಸ್ವರ ಹುಟ್ಟಿಸುವ ಮೂವತ್ತು ನಲವತ್ತು ಆಸಿಲೇಟರ್‌ಗಳನ್ನು ಪೇರಿಸಿ ನೋಡಿದೆ. ಅದು ಹಾರ್ಮೋನಿಯಂ ಆಯಿತು, ಅದೂ ತಿದಿ ಹರಿದ ಹಾರ್ಮೋನಿಯಂ.

ದಾರಿ ಸಿಕ್ಕಿದ್ದು 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಪ್ರಕಟಿಸಿದ ಹಳೆಯ ಉಪಾಯದಲ್ಲಿ. ಗದ್ದಲದ ಒಂದು ಚೂರನ್ನು ವಿಳಂಬದ ಸಾಲಿನಲ್ಲಿ, ಅಂದರೆ ಸದ್ದನ್ನು ಕೊಂಚ ಹೊತ್ತು ಹಿಡಿದಿಟ್ಟು ಬಿಡುವ ಕಡೆ, ಸುತ್ತಿಸಿ, ಪ್ರತಿ ಸುತ್ತಿಗೂ ಸ್ವಲ್ಪ ಮೊಂಡಾಗಿಸಿದರೆ ಮೀಟಿದ ತಂತಿ ಹುಟ್ಟುತ್ತದೆ. ಕರಿ ಒಂದರಲ್ಲಿ ತಂಬೂರಿಯ ನಡುವಿನ ಜೋಡಿ ಷಡ್ಜದ ತಂತಿಗೆ ಸುಮಾರು 7.2 ಮಿಲಿಸೆಕೆಂಡ್ ವಿಳಂಬ, ಕೆಳಗಿನ ಷಡ್ಜವಾದ ಖರ್ಜಕ್ಕೆ ಅದರ ಎರಡರಷ್ಟು. ಇದನ್ನು ಹಾಗೇ ಬಿಟ್ಟರೆ ಗಿಟಾರ್. ಗೆಳೆಯರು ನಕ್ಕಿದ್ದು ಇದನ್ನು ಕೇಳಿಯೇ.

ಜವಾರಿ, ಅಂದರೆ ತಂಬೂರಿಯ ಆ ಝೇಂಕಾರ, ಬರಬೇಕಾದರೆ ತಂತಿ ಕೂರುವ ಕುದುರೆಯ ಮೇಲೆ ಏನಾಗುತ್ತದೆ ಎಂದು ನೋಡಬೇಕು. ತಂತಿ ಅಗಲ ಕುದುರೆಯನ್ನು ಸವರುತ್ತ ಕಂಪಿಸುತ್ತದೆ, ದಾರ ಅದನ್ನು ಒಂದಿಷ್ಟೇ ಎತ್ತಿ ಹಿಡಿದಿರುತ್ತದೆ. ಜೋರಾಗಿ ಕಂಪಿಸುವಾಗ ತಂತಿಯ ಉದ್ದವೇ ಕ್ಷಣ ಕ್ಷಣಕ್ಕೆ ಬದಲಾಗುತ್ತದೆ. ಹಾಗಾಗಿ ತಂತಿಯ ಸಂಕೇತವೇ ತನ್ನ ವಿಳಂಬವನ್ನು ಕೊಂಚ ಕುಗ್ಗಿಸುವಂತೆ ಪ್ಯಾಚ್‌ನಲ್ಲಿ ಗೆರೆ ಎಳೆದೆ. ವಿಳಂಬದ ಸಾಲನ್ನು ಓದುವುದಕ್ಕೆ ನಾಲ್ಕು ಬಿಂದುಗಳ ನಡುವೆ ಲೆಕ್ಕ ಹಾಕುವ ವಿಡಿ~ ಎಂಬ ಡಬ್ಬಿ ಬಳಸಿದೆ. ಎಷ್ಟು ಕುಗ್ಗಬೇಕು ಎಂಬುದು ನೇರ ಗೆರೆಯಲ್ಲ, ಅಂಕಿಗಳ ಒಂದು ಟೇಬಲ್ಲಿನಿಂದ ಬರುತ್ತದೆ. ಆ ಟೇಬಲ್ಲಿನ ಆಕಾರ ನನ್ನಲ್ಲೇ ಇರಲಿ. ಕುದುರೆಯ ಬಾಗನ್ನು ಕೈಯಿಂದ ಮುಟ್ಟಿ ನೋಡಿದವರಿಗೆ ಹೊಳೆಯುತ್ತದೆ ಎಂದಷ್ಟೇ ಹೇಳುತ್ತೇನೆ. ಮೊದಲ ಸಲ ಮೇಲಿನ ಸ್ವರಾಂಶಗಳು ಒಂದೊಂದಾಗಿ ಅರಳಿದಾಗ ರಾತ್ರಿ ಎರಡಾಗಿತ್ತು, ಬೆಳಗಿನವರೆಗೆ ಆರಿಸಲಿಲ್ಲ.

ಜೋಡಿಯ ಎರಡು ತಂತಿಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಶ್ರುತಿ ಮಾಡಿದರೆ ನಾದ ಸಾಯುತ್ತದೆ. ಒಂದು ಹರ್ಟ್ಸ್‌ನ ಸಣ್ಣ ಭಾಗದಷ್ಟು ಅಂತರ ಬೇಕು. ಮೀಟಿನ ಲಯವೂ ಹಾಗೆಯೇ. ಸಮ ಅಂತರದಲ್ಲಿ ಬಡಿಯುವ ಮೆಟ್ರೋ ಡಬ್ಬಿ ಕೊಟ್ಟರೆ ಗಡಿಯಾರ, ಮನಸ್ಸಿಗೆ ಬಂದ ಅಂಕಿ ಕೊಡುವ ರ‍್ಯಾಂಡಮ್ ಕೊಟ್ಟರೆ ಕುಡಿದವನ ಕೈ. ಹಿಂದಿನ ಅಂತರಕ್ಕೆ ಚೂರು ಕೂಡಿಸಿ ಚೂರು ಕಳೆಯುತ್ತ ಹೋಗಬೇಕು, ನಡುವಿಗೆ ಮರಳುವ ಸೆಳೆತವೂ ಇರಬೇಕು.

ಇನ್ನು ಖರ್ಚಿನ ವಿಷಯ. ಅಂಗೈಯಗಲದ ಬೋರ್ಡ್ ಕಂಪ್ಯೂಟರಿಗೆ ನಾಲ್ಕು ಸಾವಿರದ ಹತ್ತಿರ. ಮುನ್ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ಸೊಳ್ಳೆಯ ಸದ್ದು ಮಾಡಿತು, ಎರಡು ಸಾವಿರದ ಚಿಲ್ಲರೆಯದ್ದು ಸರಿಹೋಯಿತು. ಟಚ್ ಸ್ಕ್ರೀನಿಗೆ ಹಾಕಿದ ಮೂರೂವರೆ ಸಾವಿರ ದಂಡ. ಬೆವರು ಬೆರಳಿನ ಗವಾಯಿಗೆ ಬೇಕಿರುವುದು ತಿರುಗಿಸುವ ಎರಡು ಗುಬಟು ಮಾತ್ರ. ಕಾರ್ಯಕ್ರಮದ ನಡುವೆ ಕರೆಂಟ್ ಹೋಗಿ ಮೆಮೊರಿ ಕಾರ್ಡ್ ಕೆಟ್ಟಿದ್ದೂ ಇದೆ. ಅದರ ನಂತರ ಕಾರ್ಡನ್ನು ಬರೆಯಲಾಗದಂತೆ ಬೀಗ ಹಾಕಿಟ್ಟೆ, ಪವರ್ ಬ್ಯಾಂಕ್ ಜೋಡಿಸಿದೆ. ಪ್ಯಾಚ್‌ನ ಚಿತ್ರ ತೋರಿಸದ ನೋಜಿಯುಐ ಆಯ್ಕೆಯಲ್ಲಿ ಪರದೆಯಿಲ್ಲದೆ ಓಡುತ್ತದೆ. ನಾಲ್ಕು ತಂತಿಗೆ ಸಿಪಿಯು ಶೇಕಡಾ ಹನ್ನೆರಡರ ಆಸುಪಾಸು. ಸಾಗುವಾನಿ ಪೆಟ್ಟಿಗೆಗೆ ಬಡಗಿ ಎಂಟುನೂರು ತೆಗೆದುಕೊಂಡ.

ಪ್ಯಾಚ್ ಕೆಟ್ಟ ಕಥೆಯೂ ಒಂದಿದೆ. ಆರಂಭದಲ್ಲಿ ಸಾವಿರಾರು ಹೆಚ್ಚುವರಿ ಆಬ್ಜೆಕ್ಟ್‌ಗಳನ್ನು, ಅಂದರೆ ಡಬ್ಬಿಗಳನ್ನು, ಒಟ್ಟುಗೂಡಿಸಿದ ಪ್ಯೂರ್ ಡೇಟಾದ ಒಂದು ಆವೃತ್ತಿ ಬಳಸುತ್ತಿದ್ದೆ. ಅದರ ಕೆಲಸ ನಿಂತುಹೋಯಿತು, ನನ್ನ ಅರ್ಧ ಪ್ಯಾಚ್‌ಗಳ ಡಬ್ಬಿಗಳು ಕೆಲಸ ಮಾಡದೆ ಚುಕ್ಕೆಗೆರೆಯಾದವು. ಆದರೆ ಮೂಲ ಪ್ಯೂರ್ ಡೇಟಾದಲ್ಲಿ ಬರೆದವು ಇಂದಿಗೂ ತೆರೆದುಕೊಳ್ಳುತ್ತವೆ. ಹಳೆಯ ಪ್ಯಾಚ್ ಹೊಸ ಆವೃತ್ತಿಯಲ್ಲೂ ನುಡಿಯಬೇಕು ಎಂಬುದು ಪಕೆಟ್ ಅವರ ಇನ್ನೊಂದು ಹಟ. ಅವರಿಗೆ ಅದರ ಬಿಸಿ ತಟ್ಟಿತ್ತು. 1988ರಲ್ಲಿ ಫ್ರೆಂಚ್ ಸಂಗೀತ ರಚನಕಾರ ಫಿಲಿಪ್ ಮನೂರಿಯವರ ‘ಪ್ಲುಟಾನ್’ ಎಂಬ ಪಿಯಾನೋ ಕೃತಿಗಾಗಿ ಮ್ಯಾಕ್ಸ್ ಕೆಲಸ ಮಾಡಿದಾಗ, ಧ್ವನಿ ಹುಟ್ಟಿಸಿದ್ದು ಇರ್ಕಾಮ್‌ನ 4ಎಕ್ಸ್ ಎಂಬ ಬೃಹತ್ ಯಂತ್ರ. ಅದನ್ನು ಆಳಿದ್ದು ಪಕ್ಕದ ಮ್ಯಾಕಿಂಟಾಷ್. 4ಎಕ್ಸ್ ಹೋಯಿತು, ಅದರ ಬದಲಿಗೆ ಬಂದ ನೆಕ್ಸ್ಟ್ ಕಂಪ್ಯೂಟರಿನ ದುಬಾರಿ ಕಾರ್ಡುಗಳೂ ಹೋದವು. ಯಂತ್ರಕ್ಕೆ ಅಂಟಿದ ಸಂಗೀತ ಯಂತ್ರದೊಡನೆಯೇ ಹೋಗುತ್ತದೆ. 1990ರ ದಶಕದ ನಡುವೆ ಸ್ಯಾನ್ ಡಿಯೇಗೋದ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಅವರು ಸಾಮಾನ್ಯ ಕಂಪ್ಯೂಟರಿನಲ್ಲೇ ಓಡುವ ಪ್ಯೂರ್ ಡೇಟಾ ಬರೆದು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರು. ಪ್ಲುಟಾನ್ ಈಗ ಅದರಲ್ಲಿ ನುಡಿಯುತ್ತದೆ. ಮಾರಾಟದ ಮ್ಯಾಕ್ಸ್‌ಗೆ 1997ರಲ್ಲಿ ಎಂಎಸ್‌ಪಿ ಎಂಬ ಧ್ವನಿಯ ಭಾಗ ಸೇರಿದ್ದು ಕೂಡ ಈ ಪುಕ್ಕಟೆ ತಂತ್ರಾಂಶದ ಕೆಲಸದ ಆಧಾರದ ಮೇಲೆಯೇ. ಪುಕ್ಕಟೆಯದೆಂದು ಮೂಗು ಮುರಿಯುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಪ್ಯಾಚ್‌ನ ಕಡತ ಬರಿಯ ಪಠ್ಯ. ಚಿತ್ರವೇ ಪ್ರೋಗ್ರಾಂ, ಅದರ ಹಿಂದೆ ಗುಟ್ಟಿನ ಇನ್ನೊಂದು ಪ್ರತಿ ಇಲ್ಲ. ಹುಬ್ಬಳ್ಳಿಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಎರಡು ಅಂಕಿ ತಿದ್ದಿ, ಸಂಜೆ ಅದನ್ನೇ ಬೈಠಕ್‌ನಲ್ಲಿ ನುಡಿಸಿದ್ದೇನೆ.

ನಡುವೆ ದಾರಿ ತಪ್ಪಿ, ಹಲವು ತಂತಿಗಳ ಸ್ವರಮಂಡಲ ವಾದ್ಯಕ್ಕೂ ಕೈ ಹಾಕಿದೆ. ಪ್ಯೂರ್ ಡೇಟಾ ಧ್ವನಿಯನ್ನು 64 ಮಾದರಿಗಳ (ಸ್ಯಾಂಪಲ್) ಕಂತುಗಳಲ್ಲಿ ಲೆಕ್ಕ ಹಾಕುವುದರಿಂದ, ಸುತ್ತಿ ಬರುವ ವಿಳಂಬ ಒಂದು ಕಂತಿಗಿಂತ ಚಿಕ್ಕದಾಗುವಂತಿಲ್ಲ. ಸೆಕೆಂಡಿಗೆ 44,100 ಮಾದರಿಗಳ ದರದಲ್ಲಿ ಅದು ಹತ್ತಿರ ಹತ್ತಿರ 1.45 ಮಿಲಿಸೆಕೆಂಡ್, ಅಂದರೆ 689 ಹರ್ಟ್ಸ್‌ನ ಮೇಲೆ ತಂತಿಯೇ ಇಲ್ಲ. ತಂಬೂರಿಗೆ ಇದು ತಾಗುವುದೇ ಇಲ್ಲ, ಸ್ವರಮಂಡಲದ ಮೇಲಿನ ತಂತಿಗಳಿಗೆ ತಾಗುತ್ತದೆ. ಒಳ ಪ್ಯಾಚ್‌ನಲ್ಲಿ ಕಂತನ್ನು ಒಂದೇ ಮಾದರಿಗೆ ಇಳಿಸುವ ಬ್ಲಾಕ್~ 1 ಹಾಕಿದರೆ ಆಗುತ್ತದೆ, ಆದರೆ ಹತ್ತು ಹನ್ನೆರಡು ತಂತಿಯಾಗುವಷ್ಟರಲ್ಲಿ ಪುಟ್ಟ ಬೋರ್ಡು ಏದುಸಿರು ಬಿಟ್ಟು ಚಟಪಟ ಸದ್ದು ಮಾಡಿತು. ಬಿಟ್ಟುಬಿಟ್ಟೆ.

ಇನ್ನೊಂದು ಪ್ರಯೋಗ ಪ್ಲುಟಾನ್ ಕೇಳಿದ ಹುಚ್ಚಿನಿಂದ ಹುಟ್ಟಿದ್ದು. ಮೊದಲೇ ಮುದ್ರಿಸಿದ ಟೇಪಿನ ಜೊತೆ ನುಡಿಸುವಾಗ ವಾದಕ ಟೇಪನ್ನು ಹಿಂಬಾಲಿಸಬೇಕಿತ್ತು. ಪ್ಲುಟಾನ್‌ನಲ್ಲಿ ಯಂತ್ರ ಪಿಯಾನೋ ವಾದಕನನ್ನು ಹಿಂಬಾಲಿಸುತ್ತದೆ. ನಮ್ಮ ತಂಬೂರಿಯೂ ಹಾಗೇಕೆ ಮಾಡಬಾರದು ಎಂದು ಹಾಡಿದ ಸ್ವರ ಗುರುತಿಸುವ ಸಿಗ್ಮಂಡ್~ ಡಬ್ಬಿ ಕೊಟ್ಟು, ಗವಾಯಿ ಷಡ್ಜಕ್ಕೆ ಬಂದಾಗ ನಾದ ಉಬ್ಬುವಂತೆ ಮಾಡಿದೆ. ಮೈಕಿನಲ್ಲಿ ತಂಬೂರಿಯೇ ನುಗ್ಗಿ, ಅದು ತನ್ನನ್ನೇ ಕೇಳಿಕೊಂಡು ಉಬ್ಬತೊಡಗಿತು. ಮೈಕನ್ನು ದೂರವಿಟ್ಟು ಹೇಗೋ ಸರಿಪಡಿಸಿದ ಮೇಲೆ ಹಿರಿಯ ಗವಾಯಿಯೊಬ್ಬರಿಗೆ ಕೇಳಿಸಿದೆ. “ತಮ್ಮಾ, ತಂಬೂರಿ ಹಿಂದೆ ಮುಂದೆ ಸರಿದರೆ ನಾನು ಯಾವುದನ್ನು ಹಿಡಿದುಕೊಂಡು ಹಾಡಲಿ?” ಎಂದರು. ಆ ಒಳ ಪ್ಯಾಚ್ ಇನ್ನೂ ಕಡತದಲ್ಲಿದೆ, ಅದನ್ನು ಜೋಡಿಸುವ ಗೆರೆ ಮಾತ್ರ ಕಿತ್ತಿಟ್ಟಿದ್ದೇನೆ.

ಈಗ ಎರಡನೆಯ ಪೆಟ್ಟಿಗೆ ತಯಾರಾಗುತ್ತಿದೆ, ಇದು ಮಹಿಳಾ ಕಂಠದ ಶ್ರುತಿಗೆ. ದಂಡದ ಖರ್ಚು ಬಿಟ್ಟರೆ ಎಂಟು ಸಾವಿರದೊಳಗೆ ಮುಗಿಯಬೇಕು. ಪ್ಯೂರ್ ಡೇಟಾದ ಪರವಾನಗಿ ಬಿಎಸ್‌ಡಿ ಎಂಬ ಉದಾರ ಬಗೆಯದಾಗಿರುವುದರಿಂದ ಪೆಟ್ಟಿಗೆಯಲ್ಲಿಟ್ಟು ಮಾರಿದರೂ ತಕರಾರಿಲ್ಲ. ಪ್ಯಾಚ್ ಕೇಳಿದವರಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಡುತ್ತೇನೆ. ಜವಾರಿಯ ಟೇಬಲ್ ಅದರಲ್ಲಿ ನೇರ ಗೆರೆಯಾಗಿರುತ್ತದೆ, ಅದನ್ನು ಬಾಗಿಸಿಕೊಳ್ಳುವ ಕೆಲಸ ನಿಮ್ಮದು.