ಗೂಡಿನ ಕ್ಯಾಮೆರಾದಲ್ಲಿ ಬಾಲ್ಡ್ ಈಗಲ್: ಗಂಡು ಯಾವುದು, ಹೆಣ್ಣು ಯಾವುದು?

"ದೊಡ್ಡದು ಕಾಣಸ್ತದಲ್ಲ, ಅದೇ ಹೆಣ್ಣು." ಉತ್ತರ ಅಮೆರಿಕದ ಬಿಳಿ ತಲೆಯ ಹದ್ದು ಬಾಲ್ಡ್ ಈಗಲ್. ಅದರ ಗೂಡಿಗೆ ಕ್ಯಾಮೆರಾ ಇಟ್ಟು ತೋರಿಸುವ ನೇರಪ್ರಸಾರವನ್ನು ಕಲಬುರಗಿಯ ಯಾವ ಮನೆಯಲ್ಲಿ ಟಿವಿಗೆ ಹಾಕಿದರೂ ಮೊದಲು ಕೇಳಿಬರುವ ಮಾತು ಇದು. ಮಾತು ಸುಳ್ಳಲ್ಲ. ಬೇಟೆ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು. ಆದರೆ ಗೂಡಿನಲ್ಲಿ ಒಂಟಿಯಾಗಿ ಕೂತ ಹಕ್ಕಿಯನ್ನು ದೊಡ್ಡದು ಅನ್ನಬೇಕಾದರೆ ಅದು ಯಾವುದಕ್ಕಿಂತ ದೊಡ್ಡದು ಅನ್ನುವುದೂ ಗೊತ್ತಿರಬೇಕು. ಗುರುತಿಸುವವರು ಎಡವುವುದು ಇಲ್ಲೇ.

ನಮ್ಮ ಕಡೆ ಹಕ್ಕಿ ನೋಡಿ ರೂಢಿಯಾದ ಕಣ್ಣು ಮೊದಲು ಬಣ್ಣ ಹುಡುಕುತ್ತದೆ. ಚಳಿಗಾಲದಲ್ಲಿ ಬೀದರ್, ಕಲಬುರಗಿಯ ಹುಲ್ಲುಗಾವಲು, ಹೊಲಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಹೋಗುವ ಮಾಂಟೆಗೂ ಹ್ಯಾರಿಯರ್ ನೋಡಿ: ಗಂಡು ಬೂದಿ ಬಣ್ಣ, ಹೆಣ್ಣು ಕಂದು. ಊರೊಳಗಿನ ಬೇವಿನ ಮರದಲ್ಲಿ ಕೂರುವ ಶಿಕ್ರಾದಲ್ಲಿ ಬಲಿತ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ. ಬಾಲ್ಡ್ ಈಗಲ್ ಈ ಅನುಕೂಲ ಕೊಡುವುದಿಲ್ಲ. ಎರಡಕ್ಕೂ ಬಿಳಿ ತಲೆ, ಬಿಳಿ ಬಾಲ, ಗಾಢ ಕಂದು ಮೈ, ಹಳದಿ ಕೊಕ್ಕು, ಮಾಸಲು ಹಳದಿ ಕಣ್ಣು. ತಲೆಯಲ್ಲಿ ಕಂದು ಗೀರು ಕಂಡರೆ ಅದು ಲಿಂಗದ ಗುರುತಲ್ಲ, ವಯಸ್ಸಿನ ಗುರುತು. ತಲೆ, ಬಾಲ ಪೂರ್ತಿ ಬೆಳ್ಳಗಾಗಲು ಸುಮಾರು 5 ವರ್ಷ ಬೇಕು. 4 ವರ್ಷದ ಹಕ್ಕಿ ಗಂಡಾದರೂ ಹೆಣ್ಣಾದರೂ ಕಣ್ಣಿನ ಹಿಂದೆ ಮಸಿ ಹತ್ತಿದಂತೆ ಕಾಣಬಹುದು.

ಹೊತ್ತು ಹೊಂದಿಸಿಕೊಳ್ಳುವುದು

ಎರಡೂ ಹಕ್ಕಿ ಒಟ್ಟಿಗೆ ಸಿಗುವ ಹೊತ್ತಿಗೆ ಕೂರದಿದ್ದರೆ ಮುಂದಿನ ಯಾವ ಉಪಾಯವೂ ಕೆಲಸಕ್ಕೆ ಬರುವುದಿಲ್ಲ. ಕಾವಿನ ಕಾಲದಲ್ಲಿ ಬೆಳಕು ಹರಿಯುತ್ತಲೇ ಒಂದು ಹಕ್ಕಿ ಬಂದು ಇನ್ನೊಂದನ್ನು ಎಬ್ಬಿಸಿ ತಾನು ಕೂರುವುದುಂಟು. ಈ ಪಾಳಿ ಬದಲಾವಣೆಯಷ್ಟು ಬೆಲೆಯ ನಿಮಿಷಗಳು ಬೇರೆ ಇಲ್ಲ.

ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಗೂಡು ಚಳಿಗಾಲದಲ್ಲಿ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಜ್ಯಾಕಿ ಎಂಬ ಹೆಣ್ಣು, ಶ್ಯಾಡೋ ಎಂಬ ಗಂಡು ಇರುವ ಗೂಡು ಇದು. ಫೆಬ್ರವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಇಲ್ಲಿ ರಾತ್ರಿ 8ರ ಸುಮಾರು. ರೊಟ್ಟಿ ಊಟ ಮುಗಿಸಿ ಕೂತರೆ ಸರಿಹೋಗುತ್ತದೆ. ಅಲ್ಲಿಯ ಮುಸ್ಸಂಜೆ ಇಲ್ಲಿ ಮರುದಿನ ಬೆಳಗಿನ 7 ಗಂಟೆ. ಫ್ಲಾರಿಡಾದ ಗೂಡುಗಳು 10 ಗಂಟೆ 30 ನಿಮಿಷ ಹಿಂದೆ, ಅಯೋವಾದ ಡೆಕೋರಾ 11 ಗಂಟೆ 30 ನಿಮಿಷ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಮುಂದೆ ಮಾಡುವುದರಿಂದ ಈ ಅಂತರಗಳಲ್ಲಿ ಒಂದೊಂದು ಗಂಟೆ ಕಡಿಮೆ ಮಾಡಿಕೊಳ್ಳಿ.

ಕರೆಂಟ್ ಹೋಗಿ ಆ ಹೊತ್ತು ತಪ್ಪಿದರೆ ಚಿಂತೆಯಿಲ್ಲ. ಹಿಂದಕ್ಕೆ ಎಳೆಯುವ ಸೌಲಭ್ಯ ಕೊಟ್ಟಿರುವ ಯೂಟ್ಯೂಬ್ ನೇರಪ್ರಸಾರದಲ್ಲಿ 12 ಗಂಟೆಯವರೆಗೆ ಹಿಂದೆ ಹೋಗಬಹುದು. ವೇಗವನ್ನು 0.25ಕ್ಕೆ ಇಳಿಸಿ. ಕಂಪ್ಯೂಟರ್‌ನಲ್ಲಾದರೆ ವಿಡಿಯೊ ನಿಲ್ಲಿಸಿ, ಕೀಬೋರ್ಡಿನ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಚಿತ್ರ ಒಂದೊಂದೇ ಹಿಂದೆ ಮುಂದೆ ಸರಿಯುತ್ತದೆ. ಡೇಟಾ ಉಳಿಸಲು ಮೊಬೈಲ್‌ನಲ್ಲಿ 144 ಅಥವಾ 240ರ ಗುಣಮಟ್ಟದಲ್ಲಿ ನೋಡುವವರಿಗೆ ಮುಖದ ಗುರುತು ಸಿಗುವುದಿಲ್ಲ. ಕನಿಷ್ಠ 720 ಬೇಕು.

ಗಾತ್ರ: ಒಂದು ಗೇಣಿನ ಲೆಕ್ಕ

ಹೆಣ್ಣು ಗಂಡಿಗಿಂತ ಸುಮಾರು ಕಾಲು ಭಾಗ ದೊಡ್ಡದು ಅನ್ನುವುದನ್ನು ಎಲ್ಲರೂ ಓದಿರುತ್ತಾರೆ. ಆದರೆ ಅದು ತೂಕದ ಮಾತು. ಗಂಡು 4 ಕೆಜಿ, ಹೆಣ್ಣು 5 ಕೆಜಿ ಎಂದು ಇಟ್ಟುಕೊಳ್ಳಿ. ತೂಕ 25% ಹೆಚ್ಚಾಯಿತು. ಈ ಹೆಚ್ಚಳ ಉದ್ದ, ಅಗಲ, ದಪ್ಪ ಮೂರಕ್ಕೂ ಹಂಚಿಹೋಗುವುದರಿಂದ ಒಂದೊಂದು ಅಳತೆಯಲ್ಲಿ ಹೆಚ್ಚುವುದು 8%ರಷ್ಟು ಮಾತ್ರ. ಟಿವಿ ಪರದೆಯ ಮೇಲೆ ಗಂಡು 10 ಸೆಂಟಿಮೀಟರ್ ಎತ್ತರ ಕಂಡರೆ ಹೆಣ್ಣು 10.8 ಸೆಂಟಿಮೀಟರ್ ಕಾಣುತ್ತದೆ.

ಈಗ ಕ್ಯಾಮೆರಾದ ಕಡೆ ಬನ್ನಿ. ಕ್ಯಾಮೆರಾ ಹಕ್ಕಿಯಿಂದ 2 ಮೀಟರ್ ದೂರದಲ್ಲಿದೆ ಅನ್ನಿ. ಗಂಡು ಹಕ್ಕಿ ಕ್ಯಾಮೆರಾದ ಕಡೆಗೆ 15 ಸೆಂಟಿಮೀಟರ್ ಸರಿದರೆ ಸಾಕು, ಒಂದು ಗೇಣೂ ಬೇಡ, ಅದು ಹೆಣ್ಣಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಮೀಟರ್ ಅಗಲದ ಗೂಡಿನಲ್ಲಿ ಒಂದು ಹಕ್ಕಿ ಈ ಅಂಚಿನಲ್ಲಿ, ಇನ್ನೊಂದು ಆ ಅಂಚಿನಲ್ಲಿ ನಿಂತಿದ್ದರೆ ಗಾತ್ರದ ಹೋಲಿಕೆಗೆ ಅರ್ಥವೇ ಇಲ್ಲ. ಕ್ಯಾಮೆರಾದ ಮಸೂರ ಅಗಲ ನೋಟದ್ದಾಗಿದ್ದರೆ ಹತ್ತಿರದ್ದು ಇನ್ನಷ್ಟು ಉಬ್ಬಿ ಕಾಣುತ್ತದೆ. ಮುಂದೆ ನಿಂತ ಗಂಡನ್ನು ಅವ್ವ ಎಂದೂ, ಹಿಂದೆ ನಿಂತ ಹೆಣ್ಣನ್ನು ಅಪ್ಪ ಎಂದೂ ಕರೆಯುವ ತಪ್ಪು ಹುಟ್ಟುವುದು ಹೀಗೆ.

ಆದ್ದರಿಂದ ಗಾತ್ರ ಹೋಲಿಸಲು ಎರಡೇ ಸಂದರ್ಭ ನಂಬಿ. ಮೊದಲನೆಯದು, ಎರಡೂ ಹಕ್ಕಿ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಭುಜಕ್ಕೆ ಭುಜ ತಾಗಿಸಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಾಗ. ಒಂದೇ ಕೊಂಬೆಯ ಮೇಲೆ ಕೂತಿದ್ದರೂ ಆ ಕೊಂಬೆ ಕ್ಯಾಮೆರಾದ ಕಡೆಗೆ ಚಾಚಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಎರಡನೆಯದು ಇನ್ನೂ ಗಟ್ಟಿ: ಮೊಟ್ಟೆಯ ತಗ್ಗು. ಗೂಡಿನ ನಡುವಿನ ಆ ತಗ್ಗು ಜಾಗ ಬಿಟ್ಟು ಕದಲುವುದಿಲ್ಲ, ಎರಡೂ ಹಕ್ಕಿ ಅದರಲ್ಲೇ ಕೂರಬೇಕು. ಕ್ಯಾಮೆರಾ ತಿರುಗದೆ, ಜೂಮ್ ಆಗದೆ ಇರುವಾಗ ಒಂದು ಹಕ್ಕಿ ಅಲ್ಲಿ ಕೂತ ಚಿತ್ರವನ್ನೂ, ಪಾಳಿ ಬದಲಾದ ಮೇಲೆ ಇನ್ನೊಂದು ಕೂತ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಹಿನ್ನೆಲೆಯಲ್ಲಿ ಎದ್ದು ಕಾಣುವ ಒಂದು ಕೋಲನ್ನು ಅಳತೆಗೋಲಾಗಿ ಹಿಡಿಯಿರಿ. ಮೊದಲ ಹಕ್ಕಿಯ ಭುಜ ಆ ಕೋಲಿನ ಯಾವ ಗಂಟಿನವರೆಗೆ ಬರುತ್ತದೆ, ಎರಡನೆಯದು ಎಲ್ಲಿಯವರೆಗೆ? ಟಿವಿಯಲ್ಲಿ ನೋಡುವವರು ಪರದೆಯ ಅಂಚಿಗೆ ಸೆಲೋಟೇಪಿನ ಸಣ್ಣ ಚೂರು ಅಂಟಿಸಿ ಎತ್ತರ ಗುರುತು ಮಾಡಿಕೊಳ್ಳಬಹುದು. ಹೀಗೆ ಐದಾರು ಸಲ ಮಾಡಿ, ಪ್ರತಿ ಸಲವೂ ಅದೇ ಹಕ್ಕಿ ದೊಡ್ಡದಾಗಿ ಬಂದರೆ ಮಾತ್ರ ಬರೆದಿಡಿ.

ಅಷ್ಟಾದರೂ ಗರಿ ಮೋಸ ಮಾಡುತ್ತದೆ. ಚಳಿಗೆ ಗರಿ ಉಬ್ಬಿಸಿದ ಗಂಡು ಹೆಣ್ಣಿನಷ್ಟೇ ತುಂಬಿಕೊಂಡು ಕಾಣುತ್ತದೆ. ಮಳೆಯಲ್ಲಿ ನೆಂದ ಹೆಣ್ಣು ಸೊರಗಿ ಕಾಣುತ್ತದೆ. ಈಗಷ್ಟೇ ಮೀನು ತಿಂದ ಹಕ್ಕಿಯ ಕೊರಳ ಕೆಳಗೆ ಆಹಾರದ ಚೀಲ ಉಬ್ಬಿ ಎದೆ ದೊಡ್ಡದಾಗಿ ತೋರುತ್ತದೆ. ಇನ್ನೊಂದು ಎಚ್ಚರ: ಒಂದು ಗೂಡಿನ ಅಳತೆಯನ್ನು ಇನ್ನೊಂದು ಗೂಡಿಗೆ ಹಚ್ಚಬೇಡಿ. ಉತ್ತರದ ಅಲಾಸ್ಕಾದ ಹಕ್ಕಿಗಳು ದಕ್ಷಿಣದ ಫ್ಲಾರಿಡಾದವಕ್ಕಿಂತ ದೊಡ್ಡವು. ಅಲಾಸ್ಕಾದ ಗಂಡು, ಫ್ಲಾರಿಡಾದ ಹೆಣ್ಣು ಸರಿಸುಮಾರು ಒಂದೇ ಗಾತ್ರ ಇರಬಹುದು. ಹೋಲಿಕೆ ಏನಿದ್ದರೂ ಅದೇ ಗೂಡಿನ ಜೋಡಿಯೊಳಗೆ.

ಕೊಕ್ಕು, ಬಾಯಿ, ಕಾಲು

ಹಕ್ಕಿಯನ್ನು ಕೈಯಲ್ಲಿ ಹಿಡಿದು ಅಳೆಯುವ ಸಂಶೋಧಕರು ಲಿಂಗ ಹೇಳಲು ಎರಡು ಅಳತೆ ಸೇರಿಸಿ ನೋಡುತ್ತಾರೆ: ಕೊಕ್ಕಿನ ಮೇಲಿನಿಂದ ಕೆಳಗಿನ ದಪ್ಪ ಮತ್ತು ಹಿಂಬೆರಳಿನ ಉಗುರಿನ ಉದ್ದ. ಹೆಣ್ಣಿನಲ್ಲಿ ಎರಡೂ ಹೆಚ್ಚು. ಕ್ಯಾಮೆರಾದಲ್ಲಿ ಉಗುರು ಹುಲ್ಲಿನಲ್ಲಿ ಹುದುಗಿರುತ್ತದೆ, ಹಾಗಾಗಿ ನಮಗೆ ಸಿಗುವುದು ಕೊಕ್ಕು. ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿದ ಚಿತ್ರ ಬೇಕು. ಅದರಲ್ಲಿ ಕೊಕ್ಕಿನ ದಪ್ಪವನ್ನು ಅದೇ ಹಕ್ಕಿಯ ತಲೆಯ ಎತ್ತರದ ಜೊತೆ ಹೋಲಿಸಿ. ಒಂದೇ ಹಕ್ಕಿಯ ಎರಡು ಭಾಗ ಹೋಲಿಸುವುದರಿಂದ ದೂರದ ಮೋಸ ಇಲ್ಲಿ ತಟ್ಟುವುದಿಲ್ಲ. ಹೆಣ್ಣಿನ ಕೊಕ್ಕು ಬುಡದಲ್ಲಿ ದಪ್ಪಗೆ, ಮುಖಕ್ಕೆ ಭಾರವಾದಂತೆ ಕಾಣುವುದು ಸಾಮಾನ್ಯ.

ಬಾಯಿಯ ಮೂಲೆಯ ಹಳದಿ ಗೆರೆ ಹೆಣ್ಣಿನಲ್ಲಿ ಕಣ್ಣಿನ ಹಿಂಬದಿಯವರೆಗೆ ಚಾಚುತ್ತದೆ, ಗಂಡಿನಲ್ಲಿ ಕಣ್ಣಿನ ನಡುವಿಗೇ ನಿಲ್ಲುತ್ತದೆ ಎಂದು ನೋಡುಗರು ಹೇಳುವುದುಂಟು. ಇದನ್ನು ಸುಳಿವು ಎಂದು ಇಟ್ಟುಕೊಳ್ಳಿ, ಪುರಾವೆ ಎಂದಲ್ಲ. ತಲೆ ಎರಡು ಬೆರಳಿನಷ್ಟು ಓರೆಯಾದರೂ ಗೆರೆಯ ಕೊನೆ ಜಾಗ ಬದಲಿಸಿದಂತೆ ಕಾಣುತ್ತದೆ. ಕಾಲಿನಲ್ಲಿ ಪಾದದ ಮೇಲಿನ ಗರಿಯಿಲ್ಲದ ಹಳದಿ ಭಾಗ ಹೆಣ್ಣಿನಲ್ಲಿ ದಪ್ಪ. ಎರಡೂ ಹಕ್ಕಿ ಒಂದೇ ಮೀನಿನ ಮೇಲೆ ಕಾಲಿಟ್ಟಾಗ ಇದು ಚೆನ್ನಾಗಿ ತಿಳಿಯುತ್ತದೆ.

ದನಿ

ಧ್ವನಿ ಇರುವ ಕ್ಯಾಮೆರಾ ಆದರೆ ಹೆಡ್‌ಫೋನ್ ಹಾಕಿ. ಹಾರುತ್ತ ಬರುವ ಹೊರಗಿನ ಹಕ್ಕಿಯನ್ನು ಕಂಡು ಜೋಡಿಯ ಎರಡೂ ಒಟ್ಟಿಗೆ ಕೂಗಿದಾಗ ತೆಳ್ಳಗೆ, ಮೇಲಿನ ಶ್ರುತಿಯಲ್ಲಿ ಕೂಗುವುದು ಗಂಡು; ತಗ್ಗಿದ, ಒರಟು ದನಿ ಹೆಣ್ಣಿನದು. ಯಾವ ಕೊಕ್ಕು ತೆರೆದಿದೆ ಎಂದು ನೋಡುತ್ತಲೇ ಕೇಳಿ, ಕೊಕ್ಕಿನ ಚಲನೆಗೂ ದನಿಗೂ ತಾಳೆ ಬೀಳಬೇಕು. ಒಂಟಿ ಹಕ್ಕಿಯ ಕೂಗಿನಿಂದ ನಿರ್ಧರಿಸಬೇಡಿ.

ನಡವಳಿಕೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸಂದೇಹಕ್ಕೆ ಎಡೆಯಿಲ್ಲದ ಪುರಾವೆ ಒಂದೇ: ಮೊಟ್ಟೆ ಇಡುವುದು. ಫ್ಲಾರಿಡಾದಲ್ಲಿ ಇದು ವರ್ಷದ ಕೊನೆಯ ತಿಂಗಳುಗಳಲ್ಲಿ ಶುರುವಾಗುತ್ತದೆ, ಬಿಗ್ ಬೇರ್‌ನಲ್ಲಿ ಹೆಚ್ಚಾಗಿ ಜನವರಿ, ಡೆಕೋರಾದಲ್ಲಿ ಫೆಬ್ರವರಿ ಕೊನೆ. ಅದಕ್ಕೆ ಮುಂಚೆ ಹೆಣ್ಣು ತಗ್ಗಿನಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಇಡುವ ಹೊತ್ತಿಗೆ ಮೈ ಅರ್ಧ ಎತ್ತಿ, ಬೆನ್ನು ಬಾಗಿಸಿ, ರೆಕ್ಕೆ ತುಸು ಇಳಿಬಿಟ್ಟು ನಿಲ್ಲುತ್ತದೆ. ಬಾಲದ ಬುಡ ತಡೆದು ತಡೆದು ಅದುರುತ್ತದೆ. ಆಮೇಲೆ ಒಂದೆರಡು ನಿಮಿಷ ಕಲ್ಲಿನಂತೆ ನಿಂತು, ತಲೆ ತಗ್ಗಿಸಿ ಕಾಲ ನಡುವೆ ನೋಡಿಕೊಳ್ಳುತ್ತದೆ. ಆ ನಿಮಿಷದ ಮುಖವನ್ನು ಎಡ ಬಲ ಎರಡೂ ಕಡೆಯಿಂದ ಚಿತ್ರ ತೆಗೆದಿಡಿ. ಆ ಋತುವಿಡೀ ನಿಮ್ಮ ಆಧಾರ ಅದೇ.

ಕೂಡುವಿಕೆಯೂ ಬಲವಾದ ಸುಳಿವು. ಮೇಲೆ ಹತ್ತುವುದು ಗಂಡು. ಉಗುರು ನಾಟದಂತೆ ಕಾಲಿನ ಮುಷ್ಟಿ ಕಟ್ಟಿಕೊಂಡು ಹತ್ತುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಇಳಿಯುತ್ತದೆ. ಗೂಡಿನ ಇಕ್ಕಟ್ಟಿನಲ್ಲಿ ಒಂದು ಇನ್ನೊಂದರ ಬೆನ್ನು ತುಳಿದು ದಾಟುವುದೂ ಇರುವುದರಿಂದ, ಎರಡು ಮೂರು ಸಲ ಕಾಣುವವರೆಗೆ ತಡೆಯಿರಿ.

ಉಳಿದದ್ದೆಲ್ಲ ಒಲವು, ನಿಯಮವಲ್ಲ. ರಾತ್ರಿಯ ಕಾವಿಗೆ ಹೆಚ್ಚಾಗಿ ಹೆಣ್ಣು ಕೂರುತ್ತದೆ. ಮರಿ ಒಡೆದ ಮೊದಲ ಎರಡು ವಾರ ಹೆಚ್ಚಿನ ಆಹಾರ ತರುವುದು ಗಂಡು. ಆದರೆ ಸುಮಾರು 35 ದಿನದ ಕಾವನ್ನು ಎರಡೂ ಹಂಚಿಕೊಳ್ಳುತ್ತವೆ, ಎರಡೂ ಮರಿಗೆ ತಿನ್ನಿಸುತ್ತವೆ, ಎರಡೂ ಕೋಲು ಹೊರುತ್ತವೆ. ನೈಋತ್ಯ ಫ್ಲಾರಿಡಾದ ಗೂಡಿನಲ್ಲಿ 2023ರ ಫೆಬ್ರವರಿಯಲ್ಲಿ ಹ್ಯಾರಿಯೆಟ್ ಎಂಬ ಹೆಣ್ಣು ಕಾಣೆಯಾದಾಗ, ಎಂ15 ಎಂಬ ಗಂಡು ಎರಡು ಮರಿಗಳನ್ನು ಒಂಟಿಯಾಗಿ ಸಾಕಿತು. ಮರಿಗೆ ಗುಟುಕು ಕೊಡುತ್ತಿದೆ, ಹಾಗಾಗಿ ಅವ್ವ ಎನ್ನುವವರು ಈ ಗೂಡನ್ನು ನೆನೆಯಬೇಕು.

ಮುಖ ಪರಿಚಯದ ನೋಟ್‌ಬುಕ್

ಲಿಂಗ ಒಮ್ಮೆ ಖಚಿತವಾದ ಮೇಲೆ ಪ್ರತಿ ದಿನ ಅಳೆಯುತ್ತ ಕೂರುವ ಅಗತ್ಯವಿಲ್ಲ. ಹಿಂಡಿನಲ್ಲಿ ಕುರಿ ಕಾಯುವವರು ಒಂದೊಂದನ್ನೂ ಮುಖದಿಂದಲೇ ಗುರುತು ಹಿಡಿಯುವ ಹಾಗೆ, ಈ ಎರಡು ಮುಖ ಕಲಿಯಿರಿ. ನೋಟ್‌ಬುಕ್ಕಿನ ಒಂದು ಪುಟ ಗಂಡಿಗೆ, ಎದುರಿನ ಪುಟ ಹೆಣ್ಣಿಗೆ. ಬರೆಯಬೇಕಾದ್ದು: ಕಣ್ಣಿನ ಸುತ್ತ ಮಬ್ಬು ನೆರಳು ಇದೆಯೇ, ಹುಬ್ಬಿನ ಏಣು ಎಷ್ಟು ಚಾಚಿದೆ, ಕಣ್ಣಿನ ಹಳದಿ ಭಾಗದಲ್ಲಿ ಕಪ್ಪು ಚುಕ್ಕೆ ಎಲ್ಲಿದೆ, ಕೊಕ್ಕಿನ ಮೇಲೆ ಗೀರು ಅಥವಾ ಮಚ್ಚೆ, ಬಾಲದಲ್ಲಿ ಮುರಿದ ಇಲ್ಲವೇ ಕಂದು ಅಂಚಿನ ಗರಿ, ಕಾಲಿನಲ್ಲಿ ಉಂಗುರವಿದ್ದರೆ ಯಾವ ಕಾಲು, ಯಾವ ಬಣ್ಣ. ಎಡ, ಬಲ ಬೇರೆ ಬೇರೆಯಾಗಿ ಬರೆಯಿರಿ. ಕೊಕ್ಕಿಗೆ ಅಂಟಿದ ಮೀನಿನ ರಕ್ತವನ್ನು ಮಚ್ಚೆ ಎಂದು ಬರೆದು ಮರುದಿನ ಹುಡುಕುವವರು ಬಹಳ. ಮೂರು ದಿನ ಉಳಿದದ್ದು ಮಾತ್ರ ಗುರುತು. ಗರಿ ಉದುರಿ ಹೊಸದು ಬರುವುದರಿಂದ ಬಾಲದ ಗುರುತು ಮುಂದಿನ ಋತುವಿಗೆ ಸಾಗುವುದಿಲ್ಲ. ಹಳೆಯ ಪುಟ ಹೊಡೆದುಹಾಕಿ ಹೊಸದಾಗಿ ಬರೆಯಬೇಕು.

ರಾತ್ರಿಯ ಇನ್‌ಫ್ರಾರೆಡ್ ನೋಟದಲ್ಲಿ ಬಣ್ಣ ಪೂರ್ತಿ ಹೋಗುತ್ತದೆ, ಬಿಳಿ ತಲೆ ಹೊಳೆದು ಮುಖದ ನೆರಳು ಅಳಿಸಿಹೋಗುತ್ತದೆ. ಆಗ ಹೊಸದಾಗಿ ಗುರುತಿಸಲು ಹೋಗಬೇಡಿ. ಕತ್ತಲಾಗುವ ಮುಂಚೆ ಕೂತದ್ದು ಯಾವುದು ಎಂದು ಹಿಂದಕ್ಕೆ ಎಳೆದು ನೋಡಿ, ಪಾಳಿ ಬದಲಾಗಿಲ್ಲ ಎಂದು ಖಚಿತಪಡಿಸಿಕೊಂಡರೆ ಸಾಕು.

ಗೂಡಿನಲ್ಲಿರುವುದು ಎರಡೇ ಎಂಬ ನಂಬಿಕೆಯೂ ಕೈಕೊಡಬಹುದು. ಹೊರಗಿನ ಹಕ್ಕಿ ಗೂಡಿಗೆ ನುಗ್ಗುವುದು ಅಪರೂಪವಲ್ಲ. ಮಿಸಿಸಿಪ್ಪಿ ನದಿಯ ಮೇಲ್ದಂಡೆಯ ಒಂದು ಗೂಡಿನಲ್ಲಿ ವೇಲರ್ 1, ವೇಲರ್ 2 ಎಂಬ ಎರಡು ಗಂಡು, ಸ್ಟಾರ್ ಎಂಬ ಒಂದು ಹೆಣ್ಣು ಮೂರೂ ಸೇರಿ ಮರಿ ಸಾಕಿವೆ. ಅಲ್ಲಿ ಇದು ಹೆಣ್ಣಲ್ಲ ಅಂದರೆ ಯಾವ ಗಂಡು ಎಂಬ ಪ್ರಶ್ನೆ ಉಳಿದೇ ಇರುತ್ತದೆ, ಅದಕ್ಕೆ ಮುಖದ ಪುಟ ಮೂರು ಬೇಕು.

ಮರಿಗಳ ವಿಷಯಕ್ಕೆ ಬಂದರೆ, ಪರದೆ ನೋಡಿ ಲಿಂಗ ಹೇಳಲು ಬರುವುದಿಲ್ಲ. ಮೊದಲು ಒಡೆದ ಮರಿ ಎರಡು ಮೂರು ದಿನ ಹಿರಿದಾದ್ದರಿಂದ ದೊಡ್ಡದಿರುತ್ತದೆ, ಅದಕ್ಕೇ ಅದನ್ನು ಹೆಣ್ಣು ಎಂದುಬಿಡುತ್ತಾರೆ. ರಕ್ತದ ಡಿಎನ್‌ಎ ಪರೀಕ್ಷೆಯಾಗಬೇಕು, ಇಲ್ಲವೇ ಬಲಿತ ಮರಿಯನ್ನು ಕೈಯಲ್ಲಿ ಹಿಡಿದು ಅಳೆಯಬೇಕು. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಹಿರಿ ಮರಿ, ಕಿರಿ ಮರಿ ಎಂದು ಬರೆಯಿರಿ.