ಪಿಲಾಟೀಸ್: ಮೊದಲು ಉಸಿರು, ಆಮೇಲೆ ಕಾಲು

ಪಿಲಾಟೀಸ್ ಎಂಬ ವ್ಯಾಯಾಮ ಕ್ರಮದ ಅಭ್ಯಾಸವನ್ನು ನಾನು ಕಟ್ಟಿಕೊಂಡಿದ್ದು ಉಸಿರಾಟದಿಂದ. ಮೊದಲ ಎರಡು ವಾರ ಕಾಲೆತ್ತುವ ವ್ಯಾಯಾಮಕ್ಕೆ ಕೈಹಾಕಲಿಲ್ಲ. ಈ ಕ್ರಮ ರೂಪಿಸಿದ ಜೋಸೆಫ್ ಪಿಲಾಟೀಸ್ (1883–1967) ಇದನ್ನು ಕರೆದಿದ್ದು ‘ಕಂಟ್ರಾಲಜಿ’ ಎಂದು. ಹಿಡಿತವೇ ಇದರ ತಿರುಳು. ಎಷ್ಟು ಸಲ ಮಾಡಿದಿರಿ ಎನ್ನುವುದಕ್ಕಿಂತ ಪ್ರತಿ ಸಲವೂ ಸೊಂಟ ಅಲುಗದೆ ಇತ್ತೇ ಎನ್ನುವುದೇ ಮುಖ್ಯ.

ಮ್ಯಾಟ್ 10ರಿಂದ 15 ಮಿಲಿಮೀಟರ್ ದಪ್ಪವಿದ್ದರೆ ಒಳ್ಳೆಯದು. ತೆಳು ಯೋಗ ಮ್ಯಾಟ್ ಮೇಲೆ ಬೆನ್ನೆಲುಬು ನೆಲಕ್ಕೆ ಒತ್ತುತ್ತದೆ. ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಡುತ್ತೇನೆ. ಸೊಂಟದ ಮುಂಭಾಗದ ಎರಡು ಎಲುಬಿನ ತುದಿ ಮತ್ತು ಕಿಬ್ಬೊಟ್ಟೆಯ ಕೆಳಗಿನ ಮೂಳೆ, ಈ ಮೂರೂ ಒಂದೇ ಮಟ್ಟದಲ್ಲಿರಬೇಕು. ಆಗ ಸೊಂಟದ ಕೆಳಗೆ ಸಣ್ಣ ಸಂದು ಉಳಿಯುತ್ತದೆ. ಅದನ್ನು ನೆಲಕ್ಕೆ ಒತ್ತಿ ಮುಚ್ಚುವುದು ಬೇಡ.

ಅಂಗೈಗಳನ್ನು ಪಕ್ಕೆಲುಬಿನ ಮೇಲಿಟ್ಟು ಮೂಗಿನಿಂದ ಉಸಿರು ಎಳೆದುಕೊಂಡಾಗ ಪಕ್ಕೆಗಳು ಅಗಲಕ್ಕೆ ಹಿಗ್ಗಬೇಕು, ಭುಜ ಮೇಲೇರಬಾರದು. ಬಾಯಿಂದ ಬಿಡುವಾಗ ಪಕ್ಕೆಗಳು ಒಳಸರಿಯುತ್ತವೆ, ಕಿಬ್ಬೊಟ್ಟೆ ಮೆಲ್ಲಗೆ ಒಳಗೆ ಹೋಗುತ್ತದೆ. ಮೆಲ್ಲಗೆ ಎಂದೆ: ಪೂರ್ತಿ ಬಲದ ಮೂರನೇ ಒಂದು ಪಾಲು ಸಾಕು. ಹೊಟ್ಟೆಯನ್ನು ಜೋರಾಗಿ ಎಳೆದುಕೊಂಡರೆ ಉಸಿರು ಕಟ್ಟುತ್ತದೆ, ಕುತ್ತಿಗೆ ಬಿಗಿಯುತ್ತದೆ. ಹೊಸಬರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಇದು ಕೂಡಿಬಂದ ಮೇಲೆ ಒಂದೊಂದೇ ಕಾಲನ್ನು, ಮಂಡಿ 90 ಡಿಗ್ರಿ ಮಡಚಿದಂತೆಯೇ, ಮೇಲೆತ್ತಿ ಉಸಿರು ಬಿಡುತ್ತಾ ಕಾಲ್ಬೆರಳ ತುದಿಯನ್ನು ನೆಲಕ್ಕೆ ತಾಗಿಸುವುದು. ಒಂದೊಂದು ಕಾಲಿಗೆ 8 ಸಲ. ಕಾಲು ಇಳಿಯುವಾಗ ಸೊಂಟ ಕಮಾನಿನಂತೆ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ತೊಡೆಯನ್ನು ಎತ್ತುವ ಸ್ನಾಯು ಸೊಂಟದ ಕಶೇರುಗಳಿಗೇ (ಬೆನ್ನೆಲುಬಿನ ಮಣಿಗಳಿಗೇ) ಅಂಟಿಕೊಂಡಿದೆ. ಹೊಟ್ಟೆಯ ಸ್ನಾಯು ತಡೆದು ಹಿಡಿಯದಿದ್ದರೆ ಅದು ಬೆನ್ನನ್ನೇ ಜಗ್ಗುತ್ತದೆ, ಸೊಂಟ ನೋಯುತ್ತದೆ. ಆಗ ಕಾಲನ್ನು ಅರ್ಧಕ್ಕೆ ಮಾತ್ರ ಇಳಿಸುವುದೇ ಸರಿ.

ಬ್ರಿಡ್ಜ್, ಅಂದರೆ ಅಂಗಾತ ಮಲಗಿ ಸೊಂಟ ಮೇಲೆತ್ತುವ ವ್ಯಾಯಾಮ, ಮಾಡುವಾಗ ಬಾಲದ ಮೂಳೆಯಿಂದ ಶುರುಮಾಡಿ ಒಂದೊಂದೇ ಕಶೇರನ್ನು ನೆಲದಿಂದ ಬಿಡಿಸುತ್ತಾ ಏಳುತ್ತೇನೆ, ಹಾಗೆಯೇ ಇಳಿಸುತ್ತೇನೆ. 6 ಸಲ ಸಾಕು. ತೊಡೆಯ ಹಿಂಭಾಗ ಹಿಡಿದುಕೊಂಡರೆ ಹಿಮ್ಮಡಿ ದೂರವಿದೆ ಎಂದರ್ಥ, ಒಂದಿಷ್ಟು ಹತ್ತಿರಕ್ಕೆ ಎಳೆದುಕೊಳ್ಳಿ.

ಹೆಸರಾದ ‘ಹಂಡ್ರೆಡ್’ನಲ್ಲಿ ತೋಳುಗಳನ್ನು ಚಿಕ್ಕದಾಗಿ ಮೇಲೆ ಕೆಳಗೆ ಬಡಿಯುತ್ತಾ 5 ಎಣಿಕೆ ಉಸಿರು ಒಳಗೆ, 5 ಎಣಿಕೆ ಹೊರಗೆ, ಹೀಗೆ 10 ಸುತ್ತು. ಮೊದಲು ತಲೆ ನೆಲದ ಮೇಲೇ ಇಟ್ಟು 3 ಸುತ್ತು ಮಾಡಿ. ತಲೆ ಎತ್ತುವ ಹಂತಕ್ಕೆ ಬಂದಾಗ ಗದ್ದ ಮತ್ತು ಎದೆಯ ನಡುವೆ ಒಂದು ಮುಷ್ಟಿಯಷ್ಟು ಜಾಗ, ನೋಟ ತೊಡೆಯ ಕಡೆಗೆ. ಹೊಟ್ಟೆಯ ನಡುಗೆರೆ ದಿಬ್ಬದಂತೆ ಉಬ್ಬಿದರೆ ಆ ಹಂತ ಸದ್ಯಕ್ಕೆ ಭಾರವಾಯಿತು. ಹೆರಿಗೆಯಾದವರು ಇದನ್ನು ಕಡ್ಡಾಯವಾಗಿ ನೋಡಿಕೊಳ್ಳಬೇಕು.

ವಾರಕ್ಕೆ 3 ದಿನ, 20 ನಿಮಿಷ. ಬೆನ್ನಿನ ಆಳದ ಸ್ನಾಯುಗಳಿಗೆ ಬಲ, ನಿಲುವು, ಸಮತೋಲನ ಇದರಿಂದ ಸುಧಾರಿಸುತ್ತವೆ. ಬಹುಕಾಲದ ಸೊಂಟನೋವಿದ್ದರೆ ಸುಮ್ಮನಿರುವುದಕ್ಕಿಂತ ಇದು ಖಂಡಿತ ಮೇಲು, ಬೇರೆಲ್ಲ ವ್ಯಾಯಾಮಗಳಿಗಿಂತ ಮೇಲು ಎಂದು ಮಾತ್ರ ಹೇಳಲಾರೆ. ಹೊಟ್ಟೆಯ ಕೊಬ್ಬನ್ನಷ್ಟೇ ಆರಿಸಿ ಕರಗಿಸುವುದೂ ಇದರ ಕೈಲಾಗದು. ಹೃದಯಕ್ಕೆ ಬೇಕಾದ ಬಿರುಸು ಇದರಲ್ಲಿ ಕಡಿಮೆ, ಅದಕ್ಕೆ ಚುರುಕು ನಡಿಗೆ ಬೇರೆಯೇ ಬೇಕು.

ಮೂಳೆ ಟೊಳ್ಳಾದವರು (ಆಸ್ಟಿಯೊಪೊರೋಸಿಸ್ ಇರುವವರು) ಬೆನ್ನನ್ನು ಮುಂದಕ್ಕೆ ಸುರುಳಿ ಮಾಡುವ ರೋಲ್ ಅಪ್, ಉರುಳುವ ವ್ಯಾಯಾಮ ಎರಡನ್ನೂ ಬಿಡಬೇಕು, ಕಶೇರು ಕುಸಿಯುವ ಅಪಾಯವಿದೆ. ತಲೆ ಎತ್ತಿ ಮಾಡುವ ಹಂಡ್ರೆಡ್ ಕೂಡ ಅವರಿಗೆ ಬೇಡ, ತಲೆ ನೆಲದ ಮೇಲೇ ಇರಲಿ. ಕಾಲಿಗೆ ಜೋಮು ಇಳಿಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ, ಮೊದಲು ವೈದ್ಯರಿಗೆ ತೋರಿಸಿ.