ಒಟಿಪಿ, ಪಿನ್, ಆ್ಯಪ್, ದುಡ್ಡು: ಮೋಸದ ಫೋನ್ ಬಂದಾಗ ಕಿವಿ ಇಡಬೇಕಾದ ನಾಲ್ಕು ಮಾತು

ಮೋಸದ ಕರೆಗಳ ಕಥೆ ದಿನಕ್ಕೊಂದು ಥರ ಇರುತ್ತದೆ. ಇವತ್ತು ಕರೆಂಟ್ ಬಿಲ್ಲು, ನಾಳೆ ಗೃಹಲಕ್ಷ್ಮಿ ಹಣ, ನಾಡಿದ್ದು ಮುಂಬೈ ಪೊಲೀಸ್. ಎಲ್ಲವನ್ನೂ ನೆನಪಿಟ್ಟುಕೊಳ್ಳೋಕೆ ಯಾರಿಂದಲೂ ಆಗಲ್ಲ, ಅದರ ಅಗತ್ಯವೂ ಇಲ್ಲ. ಕಥೆ ಏನೇ ಇರಲಿ, ಕೊನೆಗೆ ಅವರು ಕೇಳೋದು ನಾಲ್ಕೇ: ಒಟಿಪಿ ಹೇಳಿ, ಪಿನ್ ಒತ್ತಿ, ಈ ಆ್ಯಪ್ ಹಾಕಿಕೊಳ್ಳಿ, ಈ ಅಕೌಂಟಿಗೆ ದುಡ್ಡು ಕಳಿಸಿ. ಇದರಲ್ಲಿ ಒಂದು ಮಾತು ಕಿವಿಗೆ ಬಿತ್ತು ಅಂದರೆ, ಎದುರಿನವರು ಎಷ್ಟೇ ಮರ್ಯಾದೆಯಿಂದ ಮಾತಾಡಲಿ, ಎಷ್ಟೇ ದಬಾಯಿಸಲಿ, ಫೋನ್ ಇಟ್ಟುಬಿಡಿ. ಆಮೇಲೆ ನೀವೇ ಫೋನ್ ಮಾಡಿ ಕೇಳಿ. ಅವರು ಕೊಟ್ಟ ನಂಬರಿಗೆ ಬೇಡ, ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೂ ಬೇಡ. ಬ್ಯಾಂಕಿನ ನಂಬರ್ ನಿಮ್ಮ ಎಟಿಎಂ ಕಾರ್ಡಿನ ಹಿಂದೆಯೇ ಇರುತ್ತದೆ.

ಹೆಸ್ಕಾಂ ಹೆಸರಿನ ಮೆಸೇಜು ನೋಡಿ. 'ನಿಮ್ಮ ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಆಗುತ್ತದೆ, ತಕ್ಷಣ ನಮ್ಮ ಅಧಿಕಾರಿಗೆ ಫೋನ್ ಮಾಡಿ.' ಕೆಳಗೊಂದು ಹತ್ತು ಅಂಕಿಯ ಮೊಬೈಲ್ ನಂಬರ್. ರಾತ್ರಿಯ ಟೈಮೇ ಯಾಕೆ? ಆ ಹೊತ್ತಿಗೆ ಬಿಲ್ ಕೌಂಟರ್ ಮುಚ್ಚಿರುತ್ತದೆ, ಹೋಗಿ ಕೇಳೋಕೆ ದಾರಿ ಇರಲ್ಲ, ಮನೆಯಲ್ಲಿ ವಯಸ್ಸಾದವರಿದ್ದರೆ ಕತ್ತಲಲ್ಲಿ ಹೇಗಪ್ಪಾ ಅಂತ ಗಾಬರಿ ಆಗುತ್ತದೆ. ಫೋನ್ ಮಾಡಿದರೆ ಆ ಕಡೆಯವನು ತುಂಬ ಸಮಾಧಾನವಾಗಿ ಹೇಳುತ್ತಾನೆ: ಬರೀ ಹತ್ತು ರೂಪಾಯಿ ಕಟ್ಟಿ ಸಾಕು, ಅದಕ್ಕೆ ಈ ಆ್ಯಪ್ ಹಾಕಿಕೊಳ್ಳಿ. ಎನಿಡೆಸ್ಕ್ ಥರದ ಆ್ಯಪ್ ಅದು. ಹಾಕಿಕೊಂಡು ಅವನು ಕೇಳಿದ ಕೋಡ್ ಹೇಳಿದರೆ ನಿಮ್ಮ ಫೋನಿನ ಪರದೆ ಪೂರ್ತಿ ಅವನಿಗೆ ಕಾಣುತ್ತದೆ. ಹತ್ತು ರೂಪಾಯಿ ಕಟ್ಟೋಕೆ ನೀವು ಒತ್ತುವ ಕಾರ್ಡ್ ನಂಬರ್, ಬಂದ ಒಟಿಪಿ, ಎಲ್ಲವೂ. ಬಿಲ್ ಬಾಕಿ ಇದ್ದರೆ ಮೀಟರ್ ರೀಡರ್ ಕೊಟ್ಟ ಚೀಟಿಯಲ್ಲೇ ಬರೆದಿರುತ್ತದೆ, ಅದನ್ನು ನೋಡಿ. ಅನುಮಾನ ಇದ್ದರೆ ಕರೆಂಟ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಲಗ್ನಪತ್ರಿಕೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಲಗ್ನದ ಸೀಸನ್ ಶುರುವಾದರೆ ಹಾವೇರಿಯ ಸೋದರಮಾವನಿಂದ ಹಿಡಿದು ಗದಗಿನ ಹಳೇ ಬಾಡಿಗೆ ಮನೆಯವರ ತನಕ ಎಲ್ಲರೂ ಪತ್ರಿಕೆ ಕಳಿಸುವುದು ಫೋನಿನಲ್ಲೇ, ಹಾಗಾಗಿ ಯಾರ ಮನೆಯ ಲಗ್ನ ಅಂತ ನೋಡುವ ಆಸೆಗೇ ಬೆರಳು ಒತ್ತಿಬಿಡುತ್ತದೆ. ಒತ್ತುವ ಮೊದಲು ಫೈಲಿನ ಹೆಸರಿನ ಕೊನೆ ಓದಿ. ಪತ್ರಿಕೆ ಅಂದರೆ ಫೋಟೋ, ವಿಡಿಯೋ ಅಥವಾ ಪಿಡಿಎಫ್. ಕೊನೆಯಲ್ಲಿ ಎಪಿಕೆ ಅಂತ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಆ್ಯಪ್, ಪತ್ರಿಕೆ ಅಲ್ಲವೇ ಅಲ್ಲ. ಒತ್ತಿದರೂ ಫೋನ್ ಅಷ್ಟು ಸುಲಭಕ್ಕೆ ಬಿಡಲ್ಲ. ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್ ಹಾಕಬೇಕಾ ಅಂತ ಕೇಳುತ್ತದೆ. ಆಮೇಲೆ ಈ ಆ್ಯಪ್ ನಿಮ್ಮ ಮೆಸೇಜು ಓದಬಹುದಾ ಅಂತ ಕೇಳುತ್ತದೆ. ಲಗ್ನಪತ್ರಿಕೆಗೆ ನಿಮ್ಮ ಮೆಸೇಜು ಓದುವ ಕೆಲಸ ಏನಿದೆ, ಅಲ್ವಾ? ಅಲ್ಲಿ ಹೂಂ ಅಂದರೆ ಬ್ಯಾಂಕಿನ ಒಟಿಪಿ ನೀವು ನೋಡುವ ಮೊದಲೇ ಅವರಿಗೆ ಹೋಗುತ್ತದೆ. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ, ಬ್ಯಾಂಕ್ ಕೆವೈಸಿ ಅಂತಲೂ ಇದೇ ಫೈಲು ಬರುತ್ತದೆ. ಕಳಿಸಿದ್ದು ಗುರುತಿನವರ ನಂಬರೇ ಆಗಿದ್ದರೂ ನಂಬಬೇಡಿ, ಅವರ ವಾಟ್ಸ್‌ಆ್ಯಪ್ ಬೇರೆಯವರ ಕೈಗೆ ಸಿಕ್ಕಿರಬಹುದು. ಒಂದು ಫೋನ್ ಹಾಕಿ 'ಕಾಕಾ, ಪತ್ರಿಕೆ ನೀವೇ ಕಳಿಸಿದ್ದಾ?' ಅಂತ ಕೇಳಿದರೆ ಮುಗೀತು. ಗೊತ್ತಾಗದೆ ಹಾಕಿಕೊಂಡಿದ್ದರೆ ಮೊದಲು ಇಂಟರ್ನೆಟ್ ಬಂದ್ ಮಾಡಿ, ಆ ಆ್ಯಪ್ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ.

ಗೃಹಲಕ್ಷ್ಮಿಯ 2000 ರೂಪಾಯಿ ನಿಂತಿದೆ, ಒಟಿಪಿ ಹೇಳಿದರೆ ಜಮಾ ಆಗುತ್ತದೆ ಅಂತ ಯಾರಾದರೂ ಫೋನ್ ಮಾಡಿದರೆ ಅದು ಸುಳ್ಳು. ಸರ್ಕಾರದ ದುಡ್ಡು ನೇರ ಖಾತೆಗೆ ಬರುತ್ತದೆ, ಅದಕ್ಕೆ ಫೋನಿನಲ್ಲಿ ಒಟಿಪಿ ಹೇಳಬೇಕಿಲ್ಲ. ಅಂಗನವಾಡಿ ಟೀಚರ್ ಹತ್ತಿರವೋ ಗ್ರಾಮ ಒನ್‌ನಲ್ಲೋ ಕೇಳಿ. ಹಾಗೇ ಊರಲ್ಲಿರುವ ಅವ್ವ ಅಪ್ಪನ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಡಿ. ಹೆಬ್ಬೆಟ್ಟಿನ ಗುರುತು ನಕಲು ಮಾಡಿ ದುಡ್ಡು ತೆಗೆಯೋ ಮೋಸಕ್ಕೆ ಇದು ತಡೆ. ಬೇಕಾದಾಗ ಅನ್‌ಲಾಕ್ ಮಾಡಬಹುದು. ಆಧಾರ್ ಸಹಾಯವಾಣಿ 1947.

ಯುಪಿಐ ವಿಷಯ ಒಂದೇ ಸಾಲಿನದು: ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನ್ ಬೇಡ. ನೀವೇ ಬ್ಯಾಲೆನ್ಸ್ ನೋಡೋಕೆ ಒತ್ತೋದು ಬಿಟ್ಟರೆ, ಪಿನ್ ಒತ್ತಿದರೆ ಹೋಗೋದು ನಿಮ್ಮ ದುಡ್ಡೇ. 'ತಪ್ಪಿ ನಿಮಗೆ ಐದು ಸಾವಿರ ಹಾಕಿದೆ ಅಕ್ಕಾ, ಆಸ್ಪತ್ರೆಯಲ್ಲಿದ್ದೀನಿ, ವಾಪಸ್ ಕಳಿಸಿ' ಅಂದರೆ ಬಂದ ಮೆಸೇಜು ನೋಡಿ ಕಳಿಸಬೇಡಿ, ಆ ಮೆಸೇಜನ್ನೂ ಅವರೇ ಬರೆದಿರುತ್ತಾರೆ. ನಿಮ್ಮ ಯುಪಿಐ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ನಿಜವಾಗಿಯೂ ಬಂದಿದ್ದರೆ ಬ್ಯಾಂಕಿಗೆ ಹೋಗೋಣ ಅಂತ ಹೇಳಿ. ಬ್ಯಾಂಕಿನ ಮೆಸೇಜು ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರಲ್ಲ ಅನ್ನೋದೂ ನೆನಪಿರಲಿ.

ಇನ್ನು ಡಿಜಿಟಲ್ ಅರೆಸ್ಟ್. ಧಾರವಾಡದಲ್ಲಿ ನಿವೃತ್ತ ಮಾಸ್ತರುಗಳು, ಪ್ರೊಫೆಸರುಗಳು, ಬ್ಯಾಂಕಿನಿಂದ ರಿಟೈರ್ ಆದವರು ಬಹಳ. ಮಕ್ಕಳು ಬೆಂಗಳೂರು ಪುಣೆಯಲ್ಲಿ, ಮನೆಯಲ್ಲಿ ಇಬ್ಬರೇ, ಜೀವನವಿಡೀ ಮರ್ಯಾದೆಯಿಂದ ಬದುಕಿದವರು, ಖಾತೆಯಲ್ಲಿ ಪಿಂಚಣಿ ಗ್ರಾಚುಯಿಟಿ ಕೂಡಿಟ್ಟವರು. ಈ ಮೋಸ ಅಂಥವರನ್ನೇ ಹುಡುಕಿಕೊಂಡು ಬರುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್‌ನಲ್ಲಿ ಕಪ್ಪುಹಣದ ಖಾತೆ ತೆರೆದಿದೆ ಅಂತ ಶುರು. ಆಮೇಲೆ ವಿಡಿಯೋ ಕಾಲ್. ಸಮವಸ್ತ್ರ, ಹಿಂದೆ ಗೋಡೆಗೆ ಲಾಂಛನ, ಸೀಲು ಹಾಕಿದ ಸುಪ್ರೀಂ ಕೋರ್ಟಿನ ಪತ್ರ. ಬಾಗಿಲು ಹಾಕಿಕೊಳ್ಳಿ, ಕ್ಯಾಮೆರಾ ಆರಿಸಬೇಡಿ, ಹೆಂಡತಿಗೂ ಹೇಳಬೇಡಿ ಅನ್ನುತ್ತಾರೆ. ಕೊನೆಗೆ ತನಿಖೆ ಮುಗಿಯೋವರೆಗೆ ದುಡ್ಡನ್ನು ಸರ್ಕಾರದ ಖಾತೆಗೆ ಹಾಕಿ, ಪರಿಶೀಲಿಸಿ ವಾಪಸ್ ಕೊಡುತ್ತೇವೆ ಅಂತ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಇಂಥದ್ದೊಂದು ಸಂಭಾಷಣೆ ಕೇಳಿಸಿ, ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಿನಲ್ಲೇ ಇಲ್ಲ ಅಂತ ಹೇಳಿದ್ದರು. ಯಾವ ಪೊಲೀಸರೂ ವಿಡಿಯೋ ಕಾಲ್‌ನಲ್ಲಿ ಬಂಧಿಸಲ್ಲ. ತನಿಖೆಗಾಗಿ ಯಾರೂ ಖಾತೆಯ ದುಡ್ಡು ಕೇಳಲ್ಲ. ಆ 'ಯಾರಿಗೂ ಹೇಳಬೇಡಿ' ಅನ್ನುವ ಮಾತು ಬಂದ ಕೂಡಲೇ ಬಾಗಿಲು ತೆಗೆದು ಪಕ್ಕದ ಮನೆಯವರನ್ನು ಕರೆಯಿರಿ. ಇನ್ನೊಬ್ಬರು ರೂಮಿಗೆ ಬಂದು 'ಯಾರ್ರೀ ಅದು ಫೋನಿನಲ್ಲಿ?' ಅಂತ ಕೇಳಿದರೆ ಆ ಭಯ ಅರ್ಧ ಇಳಿಯುತ್ತದೆ. ಮಕ್ಕಳು ದೂರದಲ್ಲಿದ್ದರೆ ಇವತ್ತೇ ಅಪ್ಪ ಅಮ್ಮನಿಗೆ ಈ ಕಥೆಯನ್ನು ಪೂರ್ತಿ ಹೇಳಿ. ಮೊದಲೇ ಕೇಳಿದ್ದರೆ ಫೋನ್ ಬಂದಾಗ ಗುರುತು ಹತ್ತುತ್ತದೆ.

ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳ ಸುತ್ತ ರೂಮು ಮಾಡಿಕೊಂಡು ಓದುತ್ತಿರುವ ಹುಡುಗ ಹುಡುಗಿಯರಿಗೆ ಬೇರೆ ಬಲೆ. ಟೆಲಿಗ್ರಾಂನಲ್ಲಿ ವಿಡಿಯೋಗೆ ಲೈಕ್ ಒತ್ತಿ, ಹೋಟೆಲ್‌ಗೆ ರೇಟಿಂಗ್ ಕೊಡಿ ಅಂತ ಮೊದಲು ನೂರಿನ್ನೂರು ನಿಜವಾಗಿಯೂ ಕೊಡುತ್ತಾರೆ. ಆಮೇಲೆ ದೊಡ್ಡ ಟಾಸ್ಕ್‌ಗೆ ನೀವು ದುಡ್ಡು ಕಟ್ಟಬೇಕು, ಪರದೆಯಲ್ಲಿ ಲಾಭ ಬೆಳೆಯುತ್ತಾ ಹೋಗುತ್ತದೆ, ತೆಗೆಯೋಕೆ ಹೋದರೆ ಇನ್ನಷ್ಟು ಕಟ್ಟಿ ಅನ್ನುತ್ತಾರೆ. ಕೆಲಸ ಕೊಡೋರು ಸಂಬಳ ಕೊಡಬೇಕು, ದುಡ್ಡು ಕೇಳಬಾರದು. ಇದಕ್ಕಿಂತ ನನಗೆ ಜಾಸ್ತಿ ಆತಂಕ ಇರೋದು ಖಾತೆ ಬಾಡಿಗೆ ಬಗ್ಗೆ. ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂತ ಕೇಳುತ್ತಾರೆ. ಯಾರದೋ ಕಷ್ಟದ ದುಡ್ಡು ಆ ಖಾತೆಯಿಂದ ಹಾದುಹೋಗುತ್ತದೆ, ಪೊಲೀಸರು ಮೊದಲು ಬರೋದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಸರ್ಕಾರಿ ನೌಕರಿಗೆ ಓದುತ್ತಿರುವವರ ಮೇಲೆ ಕೇಸ್ ಬಿದ್ದರೆ ಏನಾಗುತ್ತದೆ ಅಂತ ಯೋಚಿಸಿ.

ಬ್ಯಾಡಗಿ ಮೆಣಸಿನಕಾಯಿ, ರಾಣೆಬೆನ್ನೂರಿನ ಬೀಜ, ಹುಬ್ಬಳ್ಳಿಯ ಬಿಡಿಭಾಗ, ಏನೇ ವ್ಯಾಪಾರ ಇರಲಿ, ಬಿಲ್ಲುಗಳು ಇಮೇಲ್‌ನಲ್ಲಿ ಓಡಾಡುತ್ತಿದ್ದರೆ ಇದನ್ನು ನಿಮ್ಮ ಲೆಕ್ಕ ಬರೆಯೋರಿಗೂ ಹೇಳಿ. ಹಳೇ ಪಾರ್ಟಿಯ ಹೆಸರಿನಲ್ಲೇ ಮೇಲ್ ಬರುತ್ತದೆ: ನಮ್ಮ ಅಕೌಂಟ್ ಬದಲಾಗಿದೆ, ಈ ಸಲದ ಪೇಮೆಂಟ್ ಹೊಸದಕ್ಕೆ ಹಾಕಿ. ಹೆಸರು ಬಿಟ್ಟು ವಿಳಾಸ ಓದಿ, ಒಂದೊಂದೇ ಅಕ್ಷರ. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರ ಪಕ್ಕಪಕ್ಕ ಕೂತರೆ ಎಂ ಥರ ಕಾಣುತ್ತದೆ, ಅವಸರದಲ್ಲಿ ಕಣ್ಣಿಗೆ ಬೀಳಲ್ಲ. ಮೇಲ್‌ಗೆ ಉತ್ತರ ಬರೆದು ಖಾತ್ರಿ ಮಾಡಿಕೊಂಡರೆ ಉಪಯೋಗ ಇಲ್ಲ, ಉತ್ತರ ಹೋಗೋದೂ ಅವರಿಗೇ. ಪಾರ್ಟಿಗೆ ಹಳೇ ನಂಬರಿನಲ್ಲಿ ಫೋನ್ ಮಾಡಿ ಕೇಳದೆ ಹೊಸ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬ್ಯಾಂಕಿನ ಹೆಸರಿನ ಲಿಂಕ್ ಬಂದರೆ ಅದರ ಕೊನೆ ನೋಡಿ. ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ ಕೊನೆಯೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು.

ದುಡ್ಡು ಹೋಗಿಯೇಬಿಟ್ಟಿದ್ದರೆ ಅಳುತ್ತಾ ಕೂರುವ ಟೈಮಲ್ಲ. ಮೊದಲ ಕೆಲಸ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ, ಬೇಗ ಹೇಳಿದಷ್ಟೂ ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಯಾವ ಬ್ಯಾಂಕು, ಎಷ್ಟು ಹೋಯಿತು, ಎಷ್ಟು ಹೊತ್ತಿಗೆ, ಟ್ರಾನ್ಸಾಕ್ಷನ್ ನಂಬರ್ ಏನು ಅನ್ನೋದು ಕೈಯಲ್ಲಿರಲಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿ. ಆಮೇಲೆ ಬ್ಯಾಂಕಿಗೆ ತಿಳಿಸಿ ಖಾತೆ ಬಂದ್ ಮಾಡಿಸಿ, ಹುಬ್ಬಳ್ಳಿ, ಗದಗ, ಹಾವೇರಿ, ಯಾವ ಊರಾದರೂ ಅಲ್ಲಿನ ಸೆನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ, ಹೋಗಿ. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ದುಡ್ಡು ಹೋಗಿದ್ದರೆ, ಬ್ಯಾಂಕಿನ ಮೆಸೇಜು ಬಂದು ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಆದೇಶ ಹೊರಡಿಸಿತ್ತು. ಒಟಿಪಿ ನೀವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ದುಡ್ಡಿಗೆ ಬ್ಯಾಂಕೇ ಹೊಣೆ. ಹಾಗಾಗಿ ತಿಳಿಸಿದ್ದಕ್ಕೆ ಬರವಣಿಗೆಯಲ್ಲಿ ಏನಾದರೂ ಪಡೆದುಕೊಳ್ಳಿ.

ಮನೆಯವರು ದಯವಿಟ್ಟು ಬೈಯಬೇಡಿ. ಬೈಗುಳದ ಭಯಕ್ಕೇ ಎಷ್ಟೋ ಜನ ರಾತ್ರಿಯೆಲ್ಲ ಸುಮ್ನೆ ಕೂತು, ಬೆಳಗಾಗುವಷ್ಟರಲ್ಲಿ ಉಳಿದದ್ದನ್ನೂ ಕಳೆದುಕೊಳ್ಳುತ್ತಾರೆ. ದೂರು ಕೊಟ್ಟ ಮೇಲೆ ಕೆಲವು ದಿನಕ್ಕೆ ಇನ್ನೊಂದು ಫೋನ್ ಬರಬಹುದು: ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸೋಕೆ ಸ್ವಲ್ಪ ಫೀ ಕಟ್ಟಿ. ಅದೂ ಮೋಸವೇ. ದೂರಿನ ಸಂಖ್ಯೆ ಹಿಡಿದುಕೊಂಡು ಠಾಣೆಗೇ ಹೋಗಿ ಕೇಳಿ.